ನನ್ನ ಪಾಲಿನ ಇನ್ನೂರು ಸಿಗರೇಟು

ಗೌತಮ, ಸುಜಾತ, ನಿಮ್ಮ ಅಜ್ಜಿ ಬರೆಯುತ್ತಿದ್ದೇನೆ, ನಗದೆ ಓದಿ. ನಮ್ಮ ಕಡೆಯವರಿಗೆ ಒಂದು ಗುಣವಿದೆ. ಸರ್ಕಾರ ಕೊಡುವ ಪಾಲನ್ನು, ಬೇಕಿರಲಿ ಬೇಡದಿರಲಿ, ಬಿಟ್ಟು ಬರುವವರಲ್ಲ. ನನ್ನ ಅತ್ತೆಗೆ ಸಕ್ಕರೆ ಕಾಯಿಲೆ. ಆದರೂ ರೇಷನ್ ಸಕ್ಕರೆ ಬಂದ ದಿನ ಸೊಸೈಟಿ ಮುಂದೆ ಎಲ್ಲರಿಗಿಂತ ಮೊದಲು ನಿಲ್ಲುತ್ತಿದ್ದವರು ಅವರೇ. ತಂದು ಪಕ್ಕದ ಮನೆಗೆ ಕೊಡುತ್ತಿದ್ದರು. “ತಿನ್ನಾಕಾಗ್ದು ಅಂತ ಬುಟ್ಬುಡಾಕಾದದಾ?” ಎನ್ನುತ್ತಿದ್ದರು. ನಾನು ಮದರಾಸಿನ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದದ್ದೂ ಇದೇ ಗುಣದಿಂದ.

ನಿಮ್ಮ ತಾತ ತೀರಿಕೊಂಡ ಮರುವರ್ಷ ತಿ. ನರಸೀಪುರದ ನಮ್ಮ ಬೌದ್ಧ ಬಂಧುಗಳು ಶ್ರೀಲಂಕಾ ಯಾತ್ರೆ ಹೊರಟರು. ನನ್ನ ಜೊತೆಗೆಂದು ತಮ್ಮ ಮಾದೇವ ಬಂದ. ಒಂಟಿಯಾಗಿ ಕಳಿಸಬಹುದಾದ ಹೆಂಗಸು ನಾನಲ್ಲ. ನಂಜನಗೂಡಿನ ಬಸ್ಸಿನಲ್ಲಿ “ಇಳೀಬೇಕು” ಎಂದು ಕೂಗಲು ನಾಚಿ, ಮುಂದಿನ ಸ್ಟಾಪಿನಲ್ಲಿಳಿದು ಹಿಂದಕ್ಕೆ ನಡೆದು ಬಂದವಳು. ಮಾದೇವನೋ ಬಸ್ ಕಂಡಕ್ಟರು. ನನಗೆ ಸಿಗದ ಗಂಟಲೂ ಅವನಿಗೇ ಸಿಕ್ಕಿತ್ತು. ಡಿಪೋದವರಿಗೆಲ್ಲ ಫಾರಿನ್ ಸಿಗರೇಟು ತರುತ್ತೇನೆಂದು ಮಾತು ಬೇರೆ ಕೊಟ್ಟಿದ್ದ.

ಅನುರಾಧಪುರದ ಬೋಧಿವೃಕ್ಷದ ಕೆಳಗೆ ಎಲ್ಲರೂ ಬಿಳಿ ಸೀರೆ, ಬಿಳಿ ಪಂಚೆಯಲ್ಲಿ ಕೂತು ಪಂಚಶೀಲ ತೆಗೆದುಕೊಂಡೆವು. ಸುಳ್ಳಾಡುವುದಿಲ್ಲ ಎಂಬ ಶೀಲವೂ ಅದರಲ್ಲಿತ್ತು. ಜೀವನದಲ್ಲಿ ಮಾತನ್ನೇ ಹೆಚ್ಚು ಆಡದವಳಿಗೆ ಇದೇನು ಕಷ್ಟ ಎಂದುಕೊಂಡೆ.

ಹಿಂದಿರುಗುವಾಗ ಯಾತ್ರೆಯ ಮುಂದಾಳು ಪುಟ್ಟಸ್ವಾಮಿ ಮೇಷ್ಟ್ರು ಕಸ್ಟಮ್ಸ್ ನಿಯಮ ವಿವರಿಸಿದರು. ದೊಡ್ಡವರು ತಲೆಗೆ ಇನ್ನೂರು ಸಿಗರೇಟು ತರಬಹುದು, ಸುಂಕವಿಲ್ಲ, ಆದರೆ ಸ್ವಂತ ಬಳಕೆಗೆ ಮಾತ್ರ. ಮಾದೇವ ನನ್ನ ಕಿವಿಗೆ ಬಂದ. “ಅಕ್ಕೋ, ನಿಂಗೂ ಇನ್ನೂರು ಅವೆ ಕನಕ್ಕ! ನಿನ್ ಪಾಲ್ನ ಸುಮ್ಕೆ ಸರ್ಕಾರಕ್ಕೆ ಬುಟ್ಟೀಯಾ?” ಪಾಲು ಎಂದ ಕೂಡಲೇ ನನ್ನ ಬುದ್ಧಿ ಅತ್ತೆಯ ಜೊತೆ ಸೊಸೈಟಿ ಮುಂದೆ ಹೋಗಿ ನಿಂತಿತು. ಅವನು ತನ್ನ ಪಾಲಿನದಲ್ಲದೆ ಇನ್ನೂರರ ಇನ್ನೊಂದು ದೊಡ್ಡ ಪೆಟ್ಟಿಗೆಯನ್ನು ಕೊಂಡು ತಂದು ನನ್ನ ಚೀಲಕ್ಕೆ ತುರುಕಿದ.

ಮದರಾಸಿನಲ್ಲಿ ಅಧಿಕಾರಿ ಹೆಂಗಸೊಬ್ಬಳು ನನ್ನ ಚೀಲ ತೆರೆದಳು. ಬುದ್ಧನ ಪಟದ ಕೆಳಗೆ ಸಿಗರೇಟು! ಬಿಳಿ ಸೀರೆಯ ಮುದುಕಿಯನ್ನೂ ಆ ಪೆಟ್ಟಿಗೆಯನ್ನೂ ಒಂದೆರಡು ಸಲ ನೋಡಿ ತಮಿಳಿನಲ್ಲಿ ಏನೋ ಕೇಳಿದಳು. ಮೇಷ್ಟ್ರು ನನಗೆ ಹೇಳಿದರು: “ಇದು ನಿಮ್ದಾ ಅಂತ ಕೇಳ್ತಾವ್ರೆ ಕನಮ್ಮ. ಬೇರೆಯವ್ರುದಾದ್ರೆ ಅವ್ರ ಲೆಕ್ಕಕ್ಕೆ ಸೇರಿಸಿ, ಮಿಕ್ಕಿದ್ದ ಕಿತ್ಕೋತಾರಂತೆ.”

ಹಿಂದೆಯೇ ಮಾದೇವ ನಿಂತಿದ್ದ. ಅವನದೆಂದರೆ ಎಲ್ಲರೆದುರು ತಮ್ಮನ ಮಾನ ಹೋಗುತ್ತದೆ. ನನ್ನದೆಂದರೆ, ಬೋಧಿಯ ಕೆಳಗೆ ಕೊಟ್ಟ ಮಾತು ಊರು ಸೇರುವ ಮೊದಲೇ ಹೋಗುತ್ತದೆ. ಆಗ ಹೊಳೆಯಿತು: ತವರಿನವರು ಹೆಣ್ಣುಮಗಳ ಚೀಲಕ್ಕೆ ಹಾಕಿದ್ದು ಹೆಣ್ಣುಮಗಳದೇ ಅಲ್ಲವೇ? ನನ್ನ ಮದುವೆಯಾದಂದಿನಿಂದ ಒಂದು ಕುಪ್ಪಸದ ಬಟ್ಟೆಯನ್ನೂ ಕೊಡದ ತಮ್ಮ ಈಗ ಕೊಟ್ಟಿದ್ದಾನೆ! ತಲೆಯೆತ್ತಿ, “ನಂದೇ ಕನವ್ವ. ನನ್ನ ಬಳಕೆಗೇಯ” ಎಂದೆ. ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ನನಗೇ ಮೊದಲ ಸಲ ಕೇಳಿಸಿತು. ಆಕೆ ನಕ್ಕು ಚೀಲ ಮುಚ್ಚಿದಳು.

ಹೊರಗೆ ಬಂದ ತಕ್ಷಣ ಮಾದೇವ ಕೈ ಚಾಚಿದ. “ತತ್ತಾ ಅಕ್ಕ.”

“ಏನ ತರಾದು? ಅದು ನಂದು.”

“ತಮಾಸೆ ಸಾಕು ಕನಕ್ಕ!”

“ನಿಂಗೆ ಕೊಟ್ರೆ ನಾನು ಸುಳ್ಳಿ ಆಗಾಕಿಲ್ವಾ?”

ಮೇಷ್ಟ್ರನ್ನು ಪಂಚಾಯಿತಿಗೆ ಕರೆದ. ಅವರು ಗಡ್ಡ ಕೆರೆದುಕೊಂಡು, “ನಿಮ್ಮಕ್ಕ ಏಳಾದು ಸರಿ ಕನಪ್ಪ” ಎಂದುಬಿಟ್ಟರು. ಅಂದಿನಿಂದ ಮಾದೇವ ವಾರಕ್ಕೊಮ್ಮೆ ತಿ. ನರಸೀಪುರದಿಂದ ನಮ್ಮೂರು ಹದಿನಾರಿಗೆ ಬರತೊಡಗಿದ. ಮದುವೆಯಾದ ಅಕ್ಕನ ಮೇಲೆ ಅಷ್ಟು ಪ್ರೀತಿಯನ್ನು ನಾನು ಕಂಡಿರಲಿಲ್ಲ.

ಆದರೆ ಬಳಕೆ? ಅದೂ ನಿಜವಾಗಬೇಕಿತ್ತಲ್ಲ. ಸೇದಲು ನನ್ನಿಂದಾಗದು. ಅಷ್ಟರಲ್ಲಿ ಹಿತ್ತಲಿನ ಅವರೆ ಗಿಡಕ್ಕೆ ಹೇನು ಹತ್ತಿತು. ನಿಮ್ಮ ತಾತ ಹೂ ಬಿಡುವ ಮುಂಚೆ ಹೊಗೆಸೊಪ್ಪು ನೆನೆಸಿದ ನೀರು ಚಿಮುಕಿಸುತ್ತಿದ್ದದ್ದು ನೆನಪಾಯಿತು. ಜಗಲಿಯಲ್ಲಿ ಕೂತು ಒಂದೊಂದೇ ಸಿಗರೇಟು ಬಿಚ್ಚಿ ಬಕೆಟ್ಟಿಗೆ ಉದುರಿಸುತ್ತಿದ್ದೆ. ಮಾದೇವ ಬಂದ.

“ಅಯ್ಯಯ್ಯಪ್ಪಾ! ಫಾರಿನ್ ಸಿಗರೇಟ್ನ ಅವರೆ ಗಿಡುಕ್ಕೆ ಸೇದುಸ್ತಾವ್ಳಲ್ಲಪ್ಪ ಇವ್ಳು!” ಎಂದು ತಲೆಯ ಮೇಲೆ ಕೈಹೊತ್ತು ಕೂತ. ಸ್ವಲ್ಪ ಹೊತ್ತಿನ ಮೇಲೆ ಅವನಿಗೇ ನಗು ಬಂತು. ಅವನೂ ಬಿಚ್ಚತೊಡಗಿದ. ಆ ವರ್ಷ ಗಿಡ ಬಾಗುವಷ್ಟು ಕಾಯಿ. ಮಾದೇವ ಅವರೆಕಾಯಿ ಸಾರಿಗೆ ಮುದ್ದೆ ಮುರಿಯಲು ವಾರಕ್ಕೊಮ್ಮೆ ಬರುವುದನ್ನು ಬಿಡಲಿಲ್ಲ.

ಮಕ್ಕಳೇ, ಇಷ್ಟೆಲ್ಲ ಬರೆದು ಈಗ ಓದಿ ನೋಡಿದರೆ ನಾಚಿಕೆಯಾಗುತ್ತಿದೆ. ಆ ಅಧಿಕಾರಿಯ ಮುಂದೆ ಆಡಿದ್ದು ಒಂದು ಮಾತು, ಅದಕ್ಕೆ ಇಷ್ಟು ಹಾಳೆ! ಆದರೂ ಹರಿಯಬೇಡಿ, ಜೋಪಾನವಾಗಿಡಿ. ನಿಮ್ಮಜ್ಜಿ ಮತ್ತೊಮ್ಮೆ ಗಟ್ಟಿಯಾಗಿ ಮಾತಾಡುವುದು ಯಾವಾಗಲೋ ಏನೋ.