ಎಂಟು ತಲೆ ಎತ್ತರದ ಸಾವ್ಕಾರ

ನೆಹರು ಗಂಜ್ ಮಾರುಕಟ್ಟೆಯ ನನ್ನ ತೊಗರಿ ಅಂಗಡಿಯ ಮಾಳಿಗೆಯನ್ನು ಒಬ್ಬ ಚಿತ್ರಕಲಾ ಮೇಷ್ಟ್ರಿಗೆ ಬಾಡಿಗೆ ಕೊಟ್ಟೆ. ಅಂದಿನಿಂದ ಕೆಳಗೆ ವ್ಯಾಪಾರ, ಮೇಲೆ ಮನುಷ್ಯರ ಮೈ ಬಿಡಿಸುವ ಕ್ಲಾಸು. ನಡುವಿನ ಮೆಟ್ಟಿಲ ಮೇಲೆ ದಿನಕ್ಕೊಂದು ತಮಾಷೆ.

೧. ಹಂದಾಡಬ್ಯಾಡ

ಒಂದಿನ ಲಾರಿ ಬಂದು ನಿಂತಿದೆ, ಹಮಾಲನೇ ಇಲ್ಲ. ಕಮಲಾಪುರದ ಗಟ್ಟಿ ಆಳು ಅವನು. ಹುಡುಕುತ್ತ ಮೇಲೆ ಹೋದರೆ, ಬರಿಮೈಯಲ್ಲಿ ಕಂಬದಂತೆ ನಿಂತಿದ್ದಾನೆ. ಸುತ್ತ ಕುಂತ ವಿದ್ಯಾರ್ಥಿಗಳು ಅವನ ಒಂದೊಂದು ಸ್ನಾಯುವನ್ನೂ ಬಿಡಿಸುತ್ತಿದ್ದಾರೆ. ಹೆಗಲಿಗೆ ಚೀಲದ ಕೊಕ್ಕೆ ತಾಗಿದ ಗಾಯವನ್ನೂ ಬಿಟ್ಟಿಲ್ಲ.

“ಏ, ಲಾರಿ ಯಾರು ಇಳಸಬೇಕೋ?”

ಅವನ ತುಟಿಯಷ್ಟೇ ಅಲುಗಿತು. “ಹಂದಾಡಬ್ಯಾಡ ಅಂದಾರ್ರಿ ಸಾವ್ಕಾರ್ರ. ಇನ್ನಾ ಸೊಂಟದ ತನಕಾನೇ ಬಿಡಿಸ್ಯಾರ. ಕಾಲು ಬಂದ ಮ್ಯಾಲ ನಡಕೋತ ಬರ್ತೀನಿ.”

೨. ಚೌಕಾಸಿ

ಕಮಲಾಪುರದ ಸಮುದಾಯ ಭವನಕ್ಕೆ ದೇಣಿಗೆ ಕೊಟ್ಟಿದ್ದೆ. ಊರವರು ದಾನಿಯ ಚಿತ್ರ ಗೋಡೆಗೆ ಹಾಕುತ್ತೇವೆಂದರು. ಅಲ್ಲಿನ ಹಿರಿಯರೇ ನನ್ನ ಬೀಗರು, ಮಗಳ ಮಾವ, ಕಂಡಾಗೊಮ್ಮೆ, “ಹೊಟ್ಟಿ ಬಂತು, ಬೀಗರು ಯಾವಾಗ ಬರ್ತಾರ?” ಎನ್ನುವವರು. ಅವರ ಊರಿನ ಗೋಡೆಗೆ ಈ ಹೊಟ್ಟೆ ಏರಬಾರದು, ಅಷ್ಟೇ ನನ್ನ ಹಟ.

ಮೇಷ್ಟ್ರು ತೋಳು ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನಿಂದ ನನ್ನನ್ನು ಅಳೆದರು. “ಚಿತ್ರದಾಗ ಗಂಡಾಳು ಎಂಟು ತಲಿ ಎತ್ತರ ಇರಬೇಕ್ರಿ. ನೀವು ಆರೇ ಅದೀರಿ.”

“ಏಳೂವರಿಗೆ ಮುಗಿಸ್ರಿ. ಬೇಕಾದ್ರ ಅಡ್ಡದಾಗ ಕಡಿಮಿ ಮಾಡ್ಕೋರಿ.”

“ಕಣ್ಣಿಗೆ ಕಾಣದ್ದು ನಾ ಬಿಡಿಸಂಗಿಲ್ರಿ. ಇದ್ದದ್ದು ಇದ್ದಂಗ.”

“ಹಂಗಾದ್ರ ತಲಿ ನನ್ನದು ನೋಡಿ ಬಿಡಿಸ್ರಿ, ಮೈ ಹಮಾಲಂದು ನೋಡಿ ಬಿಡಿಸ್ರಿ. ಮೈ ಯಾರು ಗುರುತು ಹಿಡೀತಾರ?”

ಕಲೆಯ ನಿಷ್ಠೆಗೆ ಇದರಿಂದ ಏನೂ ಧಕ್ಕೆ ಬರಲಿಲ್ಲ. ಮೇಷ್ಟ್ರು ಅಂದೇ ಗೆರೆ ಎಳೆದರು.

೩. ಸನ್ಮಾನ

ಭವನದ ಉದ್ಘಾಟನೆಯ ದಿನ ಪರದೆ ಸರಿಯಿತು. ಧೋತ್ರ ಉಟ್ಟು, ಬರಿಮೈಯ ಒಂದು ಹೆಗಲಿಗಷ್ಟೇ ಶಲ್ಯ ಹಾಕಿ, ಕೈಮುಗಿದು ನಿಂತ ನಾನು! ಹೊಟ್ಟೆ ಮಂಗಮಾಯ, ಎದೆ ಬಾಗಿಲಿನಷ್ಟು ಅಗಲ. ಬೀಗರು ಚಿತ್ರವನ್ನೊಮ್ಮೆ, ನನ್ನ ಹೊಟ್ಟೆಯನ್ನೊಮ್ಮೆ ನೋಡಿದರು.

ಅಷ್ಟರಲ್ಲಿ ಹೆಂಗಸರ ಸಾಲಿನಿಂದ ಹಮಾಲನ ಹೆಂಡತಿ ಎದ್ದಳು. “ಅಯ್ಯ! ಈ ಕೊಕ್ಕಿ ಗಾಯ ನಮ್ಮನಿಯವರದು! ದಿನಾ ಎಣ್ಣಿ ಹಚ್ಚಾಕಿ ನಾ. ಇವರ ಮ್ಯಾಲ ಸಾವ್ಕಾರ್ರ ತಲಿ ಯಾರು ಇಟ್ರು?”

ಮಂದಿಯೆಲ್ಲ ಹಮಾಲನ ಕಡೆ ತಿರುಗಿದರು. ಅವನು ಅಂಗಿಯ ಗುಂಡಿ ಕೊರಳತನಕ ಹಾಕಿಕೊಂಡ.

ಬೀಗರು ಸನ್ಮಾನದ ತಟ್ಟೆ ಎತ್ತಿಕೊಂಡರು. ಪೇಟವನ್ನು ನನ್ನ ತಲೆಗಿಟ್ಟರು. ಹಾರ, ಶಾಲು ತೆಗೆದುಕೊಂಡು ವೇದಿಕೆ ಇಳಿದು, ಹಮಾಲನಿಗೆ ಹಾಕಿ ಬಂದರು.

“ಯಾರ್ದು ಅವರವರಿಗಿ ಮುಟ್ಟೇದ. ಬರೋಬರಿ ಅದ ಇಲ್ರಿ, ಬೀಗರ?”

ಜೀವಮಾನವಿಡೀ ತಕ್ಕಡಿ ಹಿಡಿದವನು ನಾನು. ತೂಕದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.