ವೆಲೋಸಿರಾಪ್ಟರ್ ಮತ್ತು ನನ್ನ ವಿಭೂತಿ ಅಂಗಡಿ

ಮನುಷ್ಯನ ಹೆಸರು ಕೆಡಬೇಕಾದರೆ ಅವನೇ ಏನಾದರೂ ಮಾಡಬೇಕು ಎಂದು ನಾನು ಮೊನ್ನೆಯವರೆಗೂ ನಂಬಿದ್ದೆ. ಹಾಗೇನೂ ಇಲ್ಲ. ಏಳು ಕೋಟಿ ವರ್ಷಗಳ ಹಿಂದೆ ಸತ್ತುಹೋದ ಪ್ರಾಣಿಯೊಂದು ಸಾಕು. ಹೊಸದುರ್ಗದ ಪೇಟೆಯಲ್ಲಿ ನನ್ನದೊಂದು ಪೂಜಾ ಸಾಮಾನಿನ ಅಂಗಡಿ. ವಿಭೂತಿ, ಕರ್ಪೂರ, ಊದಿನಕಡ್ಡಿ, ರುದ್ರಾಕ್ಷಿ ಮಾರುತ್ತೇನೆ. ಈ ವ್ಯಾಪಾರದಲ್ಲಿ ಜನ ಸಾಮಾನಿಗಿಂತ ಮೊದಲು ಮಾರುವವನನ್ನು ನೋಡುತ್ತಾರೆ. ಕೇಕಿಗೆ ಮೊಟ್ಟೆ ಹಾಕಿಲ್ಲ ತಾನೇ ಎಂದು ಬೇಕರಿಯವನ ಜೀವ ತಿನ್ನುವ ಮನೆತನ ನಮ್ಮದು, ಆ ಹೆಸರೇ ನನ್ನ ಬಂಡವಾಳ. ಅದೀಗ ಮುಳುಗಿದೆ. ಹೇಗೆ ಮುಳುಗಿತು ಎಂದು ಯಾರ ಮುಂದಾದರೂ ಹೇಳಿಕೊಳ್ಳದಿದ್ದರೆ ನನಗೆ ತಿಂದದ್ದು ಮೈಗೆ ಹತ್ತುವುದಿಲ್ಲ.

ಮೂರನೇ ಕ್ಲಾಸಿನಲ್ಲಿರುವ ನನ್ನ ಮಗಳು ಸಿಂಚನಾಳ ಶಾಲೆಯಲ್ಲಿ ಛದ್ಮವೇಷ ಸ್ಪರ್ಧೆ ಇಟ್ಟರು. ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಹೆಣ್ಣುಮಗುವಿನ ವೇಷಕ್ಕೆ ತಲೆ ಕೆಡಿಸಿಕೊಳ್ಳುವ ಅಗತ್ಯವೇ ಇಲ್ಲ. ಕಚ್ಚೆ ಸೀರೆ ಉಡಿಸಿ ಕೈಗೊಂದು ಒನಕೆ ಕೊಟ್ಟರೆ ಕೋಟೆ ಕಾಯಲು ಮಗು ಸಿದ್ಧ. ಕಳೆದ ಸಲ ವೇದಿಕೆಯ ಮೇಲೆ ಎಷ್ಟು ಒನಕೆಗಳಿದ್ದವೆಂದರೆ, ಹೆಡ್‌ಮಾಸ್ತರು ದೂರದಲ್ಲೇ ನಿಂತು ಬಹುಮಾನ ಕೊಟ್ಟರು. ಈ ಸಲವೂ ನಾನು ಒನಕೆ ಹೊಂದಿಸಿಟ್ಟಿದ್ದೆ. ಸಿಂಚನಾ ಮಾತ್ರ, "ನಾನು ವೆಲೋಸಿರಾಪ್ಟರ್ ಆಗ್ತೀನಿ" ಎಂದಳು. ಅದೊಂದು ಡೈನೋಸಾರಂತೆ, ಆ ಹೆಸರಿಗೆ ವೇಗದ ಕಳ್ಳ ಎಂಬ ಅರ್ಥವಂತೆ. ವಿಭೂತಿ ಅಂಗಡಿಯವನ ಮಗಳಿಗೆ ಕಳ್ಳನ ವೇಷವೇ ಎಂದು ನಮ್ಮವ್ವ ಗೊಣಗಿದಳು. ಆದರೂ ನಾನು ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಹೋಗಿ, ಸಿನಿಮಾದಲ್ಲಿ ಬರುವಂಥದ್ದೇ ಹಸಿರು ಚರ್ಮದ, ಕೋರೆಹಲ್ಲಿನ ವೇಷ ಬಾಡಿಗೆಗೆ ತಂದೆ. ನೋಡಿದ ಕೂಡಲೇ ಮಗಳು ಅತ್ತಳು.

"ಇದು ಸಿನಿಮಾದವರ ಸುಳ್ಳು ಕಣಪ್ಪ. ನಿಜವಾದ್ದು ಹುಂಜಕ್ಕಿಂತ ಸ್ವಲ್ಪ ದೊಡ್ಡದು ಅಷ್ಟೆ. ಅದಕ್ಕೆ ಮೈತುಂಬ ಪುಕ್ಕ ಐತೆ!"

ವಿಚಾರಿಸಿದರೆ ಅವಳು ಹೇಳಿದ್ದೇ ನಿಜ. ಸಿನಿಮಾದವರು ಅದರ ದೊಡ್ಡ ದಾಯಾದಿಯೊಂದರ ಮೈಕಟ್ಟು ತಂದು, ಕೇಳಲು ಜೋರಾಗಿದೆ ಎಂದು ಇದರ ಹೆಸರು ಅಂಟಿಸಿದರಂತೆ. ಪುಕ್ಕದ ಸಂಗತಿ ಆಮೇಲೆ ಗೊತ್ತಾದರೂ ಜನರಿಗೆ ಆ ಬೋಳು ಮೈಯೇ ಒಗ್ಗಿಹೋಗಿದೆ. ಮಕ್ಕಳ ಚೀಲದ ಮೇಲೆ, ಛತ್ರಿಯ ಮೇಲೆ, ನೀರಿನ ಬಾಟಲಿಯ ಮೇಲೆ ಇವತ್ತಿಗೂ ಬೋಳಾಗಿಯೇ ಹಲ್ಲು ಕಿರಿಯುತ್ತದೆ. ಪಾಪ ಎನಿಸಿತು. ಅಂಗಡಿಯಲ್ಲಿದ್ದ ನವಿಲುಗರಿ ಹಚ್ಚೋಣವೆಂದೆ. "ವೆಲೋಸಿರಾಪ್ಟರ್ ಏನು ದೇವರ ಬೀಸಣಿಗೆನಾ?" ಎಂದು ಮಗಳು ಊಟ ಬಿಟ್ಟಳು.

ಊಟ ಬಿಟ್ಟ ಮಗುವಿನ ಮುಂದೆ ಯಾವ ಮಡಿ, ಯಾವ ಮರ್ಯಾದೆ? ಹೆಲ್ಮೆಟ್ ಹಾಕಿಕೊಂಡೇ ಸಲೀಮನ ಕೋಳಿ ಅಂಗಡಿಗೆ ಹೋದೆ. ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚು.

"ಲೇ ಮಂಜ, ಹೆಲ್ಮೆಟ್ ತೆಗಿಯೋ. ನಿನ್ನ ಹೊಟ್ಟೆ ನೋಡಿದ್ರೇ ಊರಿಗೆಲ್ಲ ಗೊತ್ತಾಗ್ತೈತೆ" ಎಂದ.

ಪಿಸುದನಿಯಲ್ಲಿ ಪುಕ್ಕ ಕೇಳಿದೆ. ಕೋಳಿ ಬಿಟ್ಟು ಪುಕ್ಕ ಕೇಳಿದ ಗಿರಾಕಿಯನ್ನು ಇದೇ ಮೊದಲು ನೋಡುತ್ತಿರುವುದಾಗಿ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಆದರೂ ನಾಟಿ ಕೋಳಿಯ ಕಂದು ಪುಕ್ಕವನ್ನು ಸೋಪಿನ ನೀರಿನಲ್ಲಿ ತೊಳೆದು, ಮಾಳಿಗೆಯ ಮೇಲೆ ಒಣಗಿಸಿ, ಮಾರನೆಯ ದಿನ ಚೀಲಕ್ಕೆ ತುಂಬಿ ಕೊಟ್ಟ. ಚೀಲ ಹಿಡಿದು ಹೊರಬಂದರೆ ಎದುರಿಗೆ ಬಸಣ್ಣನವರು! ನಮ್ಮ ಬೀದಿಯ ಹಿರಿಯರು, ಎಲ್ಲರ ಆಚಾರ ವಿಚಾರಿಸುವವರು, ವಿಭೂತಿಗೆ ನನ್ನಲ್ಲಿಗೇ ಬರುವವರು. ಚೀಲದ ಬಾಯಿಂದ ಒಂದು ಪುಕ್ಕ ಹಾರಿ ಅವರ ಬಿಳಿ ಅಂಗಿಯ ಮೇಲೆ ಕೂತಿತು. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಎರಡೇ ಬೆರಳಲ್ಲಿ ಪುಕ್ಕ ಕೊಡವಿ ಹೊರಟರು. "ವೆಲೋಸಿರಾಪ್ಟರಿಗೆ ರೀ!" ಎಂದು ಹಿಂದಿನಿಂದ ಕೂಗಿದೆ. ಅದರಿಂದ ಪರಿಸ್ಥಿತಿ ಏನೂ ಸುಧಾರಿಸಲಿಲ್ಲ.

ಬಾಡಿಗೆ ವೇಷದ ಹಸಿರು ಚರ್ಮಕ್ಕೆ ಮೈತುಂಬ ಪುಕ್ಕ ಹೊಲಿದೆವು. ಸ್ಪರ್ಧೆಯ ದಿನ ಮಗಳು ನಿಜಕ್ಕೂ ಚೆಂದ ಕಂಡಳು. ತೀರ್ಪುಗಾರರು ಮೈಕು ಹಿಡಿದು, "ಎರಡನೇ ಬಹುಮಾನ, ವಿಭೂತಿ ಅಂಗಡಿ ಮಂಜಣ್ಣನ ಮಗಳ ಕೋಳಿ ವೇಷ! ಪುಕ್ಕ ಎಲ್ಲ ಒರಿಜಿನಲ್ ಐತೆ, ನೋಡ್ರಿ!" ಎಂದು ಮೈದಾನಕ್ಕೆಲ್ಲ ಸಾರಿದರು. ಒನಕೆ ಹಿಡಿದ ವೀರನಾರಿಯರೆಲ್ಲ ಚಪ್ಪಾಳೆ ತಟ್ಟಿದರು. "ಕೋಳಿಗೆ ಹಲ್ಲು ಇರ್ತಾವಾ ಸಾರ್?" ಎಂದು ಸಿಂಚನಾ ಕೇಳಿದ್ದು ಯಾರಿಗೂ ಕೇಳಿಸಲಿಲ್ಲ. ಬಹುಮಾನದ ಟಿಫನ್ ಬಾಕ್ಸ್ ಅಪ್ಪಿಕೊಂಡು ದಾರಿಯುದ್ದಕ್ಕೂ ಬಿಕ್ಕಿದಳು. ಅವಳ ಜೊತೆ ನನಗೂ ಅಳು ಬಂತು, ಕಾರಣ ಮಾತ್ರ ಬೇರೆ.

ಸೋಮವಾರ ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂತೆ. ಬಂದ ಒಬ್ಬ ಹೆಣ್ಣುಮಗಳೂ ವಿಭೂತಿಗಟ್ಟಿಯನ್ನು ಮೂಸಿ ನೋಡಿ ಕೆಳಗಿಟ್ಟು ಹೋದಳು. ಅಪ್ಪ ಇಟ್ಟ ಅಂಗಡಿ ನನ್ನ ಕಾಲಕ್ಕೆ ಮುಚ್ಚುತ್ತದೆ ಎನಿಸಿತು. ಸಂಜೆ ಬಸಣ್ಣನವರು ಬಂದರು. ಇನ್ನು ಬಹಿಷ್ಕಾರ ಒಂದು ಬಾಕಿ ಎಂದುಕೊಂಡು ಎದ್ದು ನಿಂತೆ. "ಬರ್ರಿ, ಕುಂತ್ಕಳ್ರಿ" ಎಂದೆ. ಅವರು ಕೂರಲಿಲ್ಲ. ಆಚೆ ಈಚೆ ನೋಡಿ, ಗಲ್ಲಾಪೆಟ್ಟಿಗೆಯ ಮೇಲೆ ಬಾಗಿ, ದನಿ ತಗ್ಗಿಸಿದರು.

"ಮಂಜಣ್ಣ, ಹೆಂಗೂ ನಿನ್ನ ಹೆಸ್ರು ಕೆಟ್ಟೋಗೈತೆ. ನಾನು ಆ ಅಂಗಡಿ ಮುಂದೆ ನಿಂತ್ರೆ ಚೆನ್ನಾಗಿರಲ್ಲ. ನಾಳೆ ನೀ ಹೋದಾಗ ನಂಗೂ ಒಂದು ಕೆಜಿ ತಂದುಬಿಡಪ್ಪ."

ನಾನು ಕೆರಳಬೇಕಿತ್ತು. ನಮ್ಮ ಮನೆತನವೇನು, ಈ ಅಂಗಡಿಯೇನು ಎಂದು ಕೇಳಬೇಕಿತ್ತು, ಕನಿಷ್ಠ ವೆಲೋಸಿರಾಪ್ಟರಿನ ಕಥೆಯನ್ನಾದರೂ ಮೊದಲಿನಿಂದ ಹೇಳಬೇಕಿತ್ತು. ಎಲ್ಲಕ್ಕೂ ಸಿದ್ಧನಾಗಿ ಬಾಯಿ ತೆರೆದೆ.

"ಸ್ಕಿನ್ ಇರ್ಬೇಕಾ, ತೆಗಿಸ್ಲಾ?" ಎಂದು ಕೇಳಿದೆ.