ಎದಿ ಗಂಟು ಠಾಣೇಕ ಹೋದದ್ದು

ನಮ್ಮ ಬನಹಟ್ಟಿ ಓಣ್ಯಾಗ ಹೆಣ್ಣಮಗಳಿಗೆ ಏನರೆ ಜಡ್ಡ ಬಂತಂದ್ರ, ಆಕಿ ಮೈಗಿಂತ ಮೊದಲ ಮನಿ ಮಂದಿ ಮರ್ಯಾದಿಗೆ ನೋವ ಆಗತೈತಿ. ಇಂಥಾವು ಎಷ್ಟೋ ನೋಡೇನಿ. ನಗೂ ಬರತೈತಿ, ಅದಕ್ಕಿಂತ ಹೆಚ್ಚ ಸಿಟ್ಟ ಬರತೈತಿ. ಇದು ನಮ್ಮೂರು ಮುಂಬೈ ಸರಕಾರದ ಕೆಳಗಿದ್ದು, ದಾರೂ ಇಟಗೊಂಡಾವರ್ನ ಪೊಲೀಸರು ಹಿಡೀತಿದ್ದ ದಾರೂಬಂದಿ ಕಾಲದ್ದು.

೧. ಅತ್ತಿಯ ಔಷಧ

ಬಾಜೂಮನಿ ನೇಕಾರರ ಸೊಸಿಗೆ ಎದಿಯೊಳಗ ಬಾರಿಕಾಯಿಯಷ್ಟು ಗಂಟು ಎದ್ದಿತ್ತು. ಆಕಿ ಅದನ್ನ ನನಗ ಹೇಳಿದಳು, ಅಂದ್ರ ಇಡೀ ಓಣಿಗೆ ಹೇಳಿದಂಗಾತು. ಅತ್ತಿ ಆರು ತಿಂಗಳು ಅರಿಷಿಣ ಹಚ್ಚಿದಳು. ಗಂಟು ನಿಂಬಿಕಾಯಿ ಆತು.

"ಡಾಕ್ಟರಿಗೆ ತೋರಸ್ರಿ" ಅಂದೆ.

"ಗಂಡಸ ಡಾಕ್ಟರ ಮುಂದ ಸೆರಗ ತಗೀಬೇಕೇನ ಬೇ? ನಮ್ಮ ಮನಿತನ ಅಂಥಾದ್ದಲ್ಲ."

"ನಿಮ್ಮ ಮನಿತನ ಆಕಿ ಎದಿಯೊಳಗ ಕುಂತೈತೇನ? ಹಂಗಾದ್ರ ಗಂಟು ಅದ ಇರಬೇಕು!"

೨. ನಮೂನಾ

ಜಮಖಂಡಿಗೆ ನಾನ ಕರಕೊಂಡ ಹೋದೆ. ಗಂಡ ಹಿಂದಿಂದ ಬಂದ. ಡಾಕ್ಟರು ಒತ್ತಿ ನೋಡಿ, "ಕೆಟ್ಟದ್ದೋ ಸಾದಾದ್ದೋ ಹೊರಗಿಂದ ತಿಳಿಯೂದಿಲ್ಲ. ಒಂದು ತುಣುಕು ಕತ್ತರಿಸಿ ಮೀರಜಿಗೆ ಕಳಸೋಣ. ಅಲ್ಲಿ ಸಣ್ಣದನ್ನ ದೊಡ್ಡದ ಮಾಡಿ ತೋರಸೂ ದುರ್ಬೀನಿನ್ಯಾಗ ನೋಡಿ ಹೇಳತಾರ" ಅಂದ್ರು.

ಗಂಡ ಸೀರಿ ನೇಯಾಂವ. ವ್ಯಾಪಾರಿಗೆ ಯಾವ ತುದಿ ತೋರಸಬೇಕು ಅಂಬೂದು ಅವಗ ಪಕ್ಕಾ. ಕೈ ಮುಗದು, "ಸಾಹೇಬ್ರ, ಛಲೋ ಇದ್ದ ಕಡೀಂದ ಕತ್ತರಿಸ್ರಿ. ನಮೂನಾ ಛಲೋ ಇದ್ರ ರಿಪೋರ್ಟ ಛಲೋ ಬರತೈತಿ" ಅಂದ.

ಡಾಕ್ಟರು ಕತ್ತರಿ ಕೆಳಗಿಟ್ರು. ಮೇಜಿನ ಮ್ಯಾಲ ಮಲಗಿದ್ದ ಸೊಸಿ ಹೇಳಿದಳು: "ಇವರ್ನ ಹೊರಗ ಹಾಕ್ರಿ. ಇಲ್ಲಂದ್ರ ಗಿರಾಕಿನ್ನೂ ಕರಕೊಂಡ ಬರತಾರ."

೩. ಬಾಟಲಿ

ತುಣುಕು ಕರೇ ಬಾಟಲ್ಯಾಗ ಹಾಕಿ, ಮ್ಯಾಲ ಸ್ಪಿರಿಟ ಸುರುವಿ ಗಂಡನ ಕೈಯಾಗ ಕೊಟ್ರು. ನಾನೂ ಸೊಸಿನೂ ಬನಹಟ್ಟ್ಯಾಗ ಬಸ್ಸಿನಿಂದ ಇಳದಿವಿ, ಅಂವ ಮೀರಜಿಗಂತ ಮುಂದ ಹೋದ. ಮುಂದಿನ ಸ್ಟ್ಯಾಂಡಿನ್ಯಾಗ ಒಬ್ಬ ಸಿಪಾಯಿ ವಾಸನಿ ಹಿಡದ.

"ದಾರೂ ಏನಲೇ?"

ಕಿಸೇದಾಗ ಡಾಕ್ಟರ ಚೀಟಿ ಇತ್ತು. ಆದ್ರ ಹೆಂಡತಿ ಎದಿ ತುಣುಕು ಅಂತ ಹತ್ತು ಮಂದ್ಯಾಗ ಹ್ಯಾಂಗ ಹೇಳೂದು? "ಹೌದ್ರಿ, ದಾರೂ" ಅಂದ. ಹುಟ್ಟಿದಾಗಿಂದ ಒಂದು ಹನಿ ಕುಡದಾಂವಲ್ಲ, ಮೂಳ!

ಅವನ್ನ ಹಿಡದು ಒಯ್ದಾರಂತ ಸುದ್ದಿ ಬಂದ ಕೂಡಲೇ ಸೊಸಿ ಪಟ್ಟಿ ಕಟ್ಟಿದ ಎದಿ ಹಿಡಕೊಂಡು ನನ್ನ ಜೋಡಿ ಠಾಣೇಕ ಬಂದಳು. ಫೌಜದಾರನ ಮುಂದ ನಿಂತು, "ಅದು ದಾರೂ ಅಲ್ರಿ, ನನ್ನ ಎದಿ ತುಣುಕು. ನಾ ಸಾಯತೇನೋ ಬದಕತೇನೋ ಅದರಾಗೈತಿ. ಕೊಡ್ರಿ ಇಲ್ಲೆ" ಅಂದಳು. ಗಂಡ ರುಮಾಲಿಲೆ ಮಾರಿ ಮುಚಗೊಂಡ.

ಫೌಜದಾರ ಸಿಪಾಯಿ ಬರದ ಕಾಗದ ತಗದು ಜೋರಾಗಿ ಓದಿದ: "ಸ್ವತಃ ರುಚಿ ನೋಡಿ ದಾರೂ ಎಂದು ಖಾತ್ರಿ ಮಾಡಿಕೊಂಡೆನು."

ಸಿಪಾಯಿ ಬಾಯಿ ಹಿಡಕೊಂಡು ಹಿತ್ತಲಕ್ಕ ಓಡಿದ.

೪. ಕಾಳಜಿ

ಮೀರಜಿಗೆ ಬಾಟಲಿ ನಾವಿಬ್ಬರ ಮುಟ್ಟಿಸಿ ಬಂದಿವಿ. ರಿಪೋರ್ಟಿಗೆ ಹದಿನೈದು ದಿನ ಕಾಯಬೇಕಿತ್ತು. ಅತ್ತಿ ಕೇಳಿದ್ದು ಒಂದ: "ಪೊಲೀಸರ ಮುಂದ ಆ ಶಬ್ದ ಆಡಿದಿ ಏನ?" ಗಂಡ ಅದನ್ನೂ ಕೇಳಲಿಲ್ಲ, ಮಗ್ಗದ ಕುಣ್ಯಾಗ ಕಾಲ ಇಳಿಬಿಟ್ಟು ಕುಂತ. ಸೊಸಿ ಕಂಡಿಕಿಗೆ ನೂಲ ಸುತ್ತಕೋತ ಬಾಗಲಾ ನೋಡತಿದ್ದಳು.

ದಿನಾ ಮುಂಜಾನೆ ಸೈಕಲ್ ಹೊಡಕೊಂಡು ಬಂದು, ಬಾಡಿದ ಮಾರಿಲೆ ಕೇಳಾಂವ ಒಬ್ಬನ ಒಬ್ಬ: "ತಂಗಿ, ರಿಪೋರ್ಟ ಬಂತೇನವಾ? ಕೆಟ್ಟ ಗಂಟಂತೂ ಅಲ್ಲಲ್ಲ?" ಯಾರಂತೀರಿ? ಬಾಟಲಿ ರುಚಿ ನೋಡಿದ ಆ ಸಿಪಾಯಿ!

ಕಡಿಗೆ ಬಂತು, ಸಾದಾ ಗಂಟು. ಸೊಸಿ ನನ್ನ ಕೊಳ್ಳಿಗೆ ಬಿದ್ದು ಅತ್ತಳು. ದೇವರಿಗೆ ಐದು ಕಾಯಿ ಒಡಿಸಿ ಓಣಿಗೆಲ್ಲಾ ಸಕ್ಕರಿ ಹಂಚಿದಾಂವ ಸಿಪಾಯಿ. ಗಂಡ ಎರಡೂ ಕೈ ಒಡ್ಡಿ ಇಸಗೊಂಡು ತಿಂದ. ಅದಕ್ಕೇನೂ ನಾಚಿಕಿ ಬರಲಿಲ್ಲ ಅವಗ.